ಬೈದು ಬೆಲ್ಲ ಕೊಡುತ್ತಿದ್ದ ಮೌಶಿ

ನನ್ನನ್ನು ಈ ಜನ್ಮದಲ್ಲಿ ಅತ್ಯಂತ ಸೊಗಸಾಗಿ ಬೈದವರು ಮೌಶಿ. ಮನೆಯಲ್ಲಿ ಅಮ್ಮ ಬೈದದ್ದಿದೆ, ಆಫೀಸಿನಲ್ಲಿ ಮ್ಯಾನೇಜರು ಇಂಗ್ಲಿಷಿನಲ್ಲಿ ನಯವಾಗಿ ಬೈದದ್ದಿದೆ. ಅವೆಲ್ಲ ಎರಡು ದಿನಕ್ಕೆ ಮರೆತುಹೋದವು. ಮೌಶಿ ಬೈದದ್ದು ಮಾತ್ರ ಅಕ್ಷರ ತಪ್ಪದೆ ನೆನಪಿದೆ.

"ಏ ಎಸಿ ಒಳಗ ಬೆಳದ ಕೊತ್ತಂಬರಿ! ಬಿಸಲಿಗೆ ಬಂದರ ಬಾಡತಿ, ನೀರಿಗೆ ಬಂದರ ಕೊಳೀತಿ. ಬಡವರ ಬಾಜೂ ಕುಂತು ಫೋಟೋ ತಗಸ್ಕೊಂಡು ಸೋಮವಾರ ಆಫೀಸಿನಾಗ ತೋರಸಾಕ ಬಂದೀಯೇನು? ನಿಮ್ಮ ಮ್ಯಾನೇಜರ ಸಾಹೇಬ ಶಾಬ್ಬಾಸ್ ಅಂತಾನ, ಹೋಗು!"

ಪುಣೆಯ ಧನಕವಡಿಯ ಹಿಂದಿನ ಒಂದು ಗುಡಿಸಲು ಬಸ್ತಿಯಲ್ಲಿ, ತಗಡಿನ ನೆರಳಿನ ಕೆಳಗೆ, ಎಲ್ಲರ ಎದುರಿಗೆ ಈ ಮಾತು ಬಿದ್ದಾಗ ನನ್ನ ಕಿವಿ ಬಿಸಿಯಾಯಿತು. ಕಣ್ಣಲ್ಲಿ ನೀರೂ ಬಂತು. ಕೈ ಮಾತ್ರ ಮೊಣಕಾಲ ಮೇಲೆ, ಅಂಗೈ ಮೇಲಾಗಿ, ಇಟ್ಟಲ್ಲೇ ಇರಬೇಕಿತ್ತು; ಇತ್ತು. ಮೌಶಿ ನನ್ನ ಕೈಯನ್ನೇ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು, ಮಗುವಿಗೆ ಹೇಳುವಂತೆ "ಆ ಅನ್ನು" ಎಂದು ನನ್ನ ನಾಲಿಗೆಯ ಮೇಲಿಟ್ಟರು. "ವೇಷ ಕಳಚೇನಿ. ಅಂದದ್ದು ಆಕಿ, ನಾ ಅಲ್ಲ. ಸಿಟ್ಟು ಇಟ್ಟಕೋಬ್ಯಾಡವ್ವಾ."

ಹೋದ ತಿಂಗಳು ಮೌಶಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಬಸ್ತಿಯಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಮರಾಠಿಯಲ್ಲಿ ಮೌಶಿ ಎಂದರೆ ಚಿಕ್ಕಮ್ಮ. ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ನೆಲೆಸಿದ ಅಲ್ಲಿನ ಜನ ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಅವರನ್ನು ಹಾಗೇ ಕರೆಯುತ್ತಿದ್ದರು.

ನಾನು ಹಾಸನದ ಕಡೆಯವಳು. ಬಸ್ತಿಯ ಮುಂದಿರುವ ಎತ್ತರದ ಅಪಾರ್ಟ್ಮೆಂಟ್ ಸೊಸೈಟಿಯಲ್ಲಿ ಬಾಡಿಗೆಗೆ ಇದ್ದೇನೆ. ಒಂದು ಸಂಜೆ ರವಿಕೆ ಸಡಿಲ ಮಾಡಿಸಲು ಯಾರೋ ತೋರಿಸಿದ ಗುಡಿಸಲಿಗೆ ಹೋದೆ. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಹೆಂಗಸಿನ ಹಣೆಯ ತುಂಬ ಕುಂಕುಮ, ತಲೆಯ ತುಂಬ ಬಿಳಿ ಕೂದಲು. ಅವರು ಯಾರಿಗೋ ಕನ್ನಡದಲ್ಲಿ ಹೇಳುತ್ತಿದ್ದುದನ್ನು ಕೇಳಿ ಖುಷಿಯಾಗಿ, "ಸ್ವಲ್ಪ ಲೂಸ್ ಮಾಡ್ಕೊಡ್ತೀರಾ?" ಎಂದೆ.

"ಮಾಡತೀನಿ. ನಿನ್ನ ಕನ್ನಡ ಭಾಳ ಮೆತ್ತಗದವ್ವಾ, ಹಲ್ಲಿಲ್ಲದವರೂ ತಿನ್ನಬಹುದು."

ಮಾತಾಡುವಾಗ ಅವರ ದನಿ ನನ್ನನ್ನು ದಾಟಿ ನನ್ನ ಹಿಂದಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಇಷ್ಟು ಹತ್ತಿರ ಇರುವವಳ ಜೊತೆ ಯಾಕೆ ಇಷ್ಟು ದೊಡ್ಡದಾಗಿ ಮಾತಾಡುತ್ತಾರೆ ಎಂದುಕೊಂಡೆ. ಕಾರಣ ನಿಧಾನಕ್ಕೆ ತಿಳಿಯಿತು. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಮಾತು ತಲುಪಿಸಿ ರೂಢಿಯಾದ ಗಂಟಲು ಅದು. ಮೌಶಿ ಹರೆಯದಲ್ಲಿ ಊರೂರು ತಿರುಗುವ ನಾಟಕ ಕಂಪನಿಯಲ್ಲಿದ್ದರು. ನಾಯಕಿಯಾಗಿ ಅಲ್ಲ, ಮಲತಾಯಿ, ಕೆಟ್ಟ ಅತ್ತೆ, ವಿಷ ಹಾಕುವ ಸವತಿ ಇವೇ ಅವರ ಪಾತ್ರಗಳು. ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ ಜನ ಚಪ್ಪಲಿ ಎಸೆಯುತ್ತಿದ್ದರಂತೆ.

"ಚಪ್ಪಲಿ ಬಿತ್ತು ಅಂದ್ರ ಪಾರ್ಟು ಕೂತತು ಅಂತ ಅರ್ಥ. ಖರೇ, ಬಿದ್ದ ಕಡೆ ನೋಡಬಾರದು. ಎಸದವನ ಮಾರಿ ನೋಡಿದ್ಯೋ, ನಾಟಕ ಮುಗೀತು. ಅವ ಅವನs ಆಗತಾನ, ನೀ ನೀನs ಆಗತಿ, ಇಬ್ಬರೂ ಜಗಳಕ್ಕ ನಿಲ್ಲತೀರಿ. ನಿಂತ ಜಾಗಾ ಬಿಡಬಾರದು, ಮುಂದಿನ ಮಾತು ಹೇಳಬೇಕು. ಅಷ್ಟ."

ಒಮ್ಮೆ ಒಂದು ಊರಲ್ಲಿ ಮುದುಕಿಯೊಬ್ಬಳು ನಾಯಕಿಯ ಕಷ್ಟ ನೋಡಲಾರದೆ ರಂಗದ ಮೇಲೇ ಹತ್ತಿ ಬಂದು ಮೌಶಿಯ ಕಪಾಳಕ್ಕೆ ಬಿಗಿದಳಂತೆ. ಮೌಶಿ ಕೆನ್ನೆಯ ಮೇಲೆ ಕೈ ಕೂಡ ಇಟ್ಟುಕೊಳ್ಳದೆ ಮುಂದಿನ ಮಾತು ಹೇಳಿದರು. ಮರುದಿನ ಮುದುಕಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಿಡಾರಕ್ಕೆ ಬಂದು, "ತಪ್ಪಾತು ಮಗಳ" ಎಂದು ಅತ್ತಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಈ ಕಥೆಯನ್ನು ಮೌಶಿ ಎಷ್ಟು ಸಲ ಹೇಳಿದರೂ ಕೊನೆಗೆ ಪಲ್ಯದ ರುಚಿಯನ್ನೇ ಹೊಗಳುತ್ತಿದ್ದರು. ಪೆಟ್ಟಿನ ಮಾತು ದಾರಿಯಲ್ಲಿ ಎಲ್ಲೋ ಉದುರಿಹೋಗಿರುತ್ತಿತ್ತು.

ಕಂಪನಿ ಮುಚ್ಚಿದ ಮೇಲೆ ಅಕ್ಕನ ಸಂಸಾರದ ಜೊತೆ ಪುಣೆಗೆ ಬಂದು ಮರಳು ಹೊತ್ತರು. ಎದೆ ಹಿಡಿಯತೊಡಗಿದಾಗ ಹೊಲಿಗೆ ಯಂತ್ರ ಕೊಂಡರು.

ಇನ್ನು ನಾನು ಹಾಗೆ ಬೈಸಿಕೊಳ್ಳಲು ಕಾರಣವಾದ ಗೇಟಿನ ವಿಷಯ. ಬಸ್ತಿಯಿಂದ ಬಸ್ ನಿಲ್ದಾಣಕ್ಕೆ ಹೋಗುವ ರಸ್ತೆ ನಮ್ಮ ಸೊಸೈಟಿಯ ಪಕ್ಕದಿಂದ ಹಾಯುತ್ತದೆ. ಪಾಲಿಕೆಯ ರಸ್ತೆ ಅದು, ಯಾರ ಖಾಸಗಿಯೂ ಅಲ್ಲ. ಆ ಕಟ್ಟಡಗಳನ್ನು ಕಟ್ಟುವಾಗ ಬಸ್ತಿಯವರು ದಿನವೂ ಅದರಲ್ಲೇ ಬುಟ್ಟಿ ಹೊತ್ತು ಓಡಾಡಿದ್ದರು. ಎಲ್ಲ ಫ್ಲ್ಯಾಟುಗಳೂ ತುಂಬಿದ ಮೇಲೆ ಸೊಸೈಟಿಯವರು ಅಡ್ಡಲಾಗಿ ಕಬ್ಬಿಣದ ಗೇಟು ಹಾಕಿಸಿ, ಕಾವಲಿನವನನ್ನು ಕೂರಿಸಿದರು. ಗಾಡಿಗೆ ಸ್ಟಿಕ್ಕರ್ ಇದ್ದವರಿಗೆ ದಾರಿ. "ಅಂಥ ಜನ" ಓಡಾಡಿದರೆ ಚೆನ್ನಾಗಿ ಕಾಣುವುದಿಲ್ಲವಂತೆ. ಬಸ್ತಿಗೆ ಉಳಿದದ್ದು ನಾಲೆಯ ಅಂಚಿನ ಕಲ್ಲುದಾರಿ. ಶಾಂತವ್ವ ಎಂಬಾಕೆಯ ಸೊಸೆಗೆ ಹೆರಿಗೆ ನೋವು ಬಂದ ದಿನ ಆಟೋವನ್ನು ಗೇಟಿನಲ್ಲಿ ತಡೆದರು. ಹುಡುಗಿಯನ್ನು ಹೊರಸಿನ ಮೇಲೆ ಮಲಗಿಸಿ ಕಲ್ಲುಗಳ ಮೇಲಿಂದ ಹೊತ್ತೊಯ್ದರು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಆವತ್ತೇ ಬಸ್ತಿ ತೀರ್ಮಾನಿಸಿತು: ಗೇಟು ತೆಗೆಯುವವರೆಗೆ ಬೆಳಿಗ್ಗೆ ಅದರ ಮುಂದೆ ಕೂರುವುದು.

ಹೇಗೆ ಕೂರಬೇಕೆಂದು ಕಲಿಸಿದವರು ಮೌಶಿ.

ಅವರ ಕಟ್ಟಳೆಗಳು ಮೊದಲಿಗೆ ನನಗೆ ವಿಚಿತ್ರ ಅನ್ನಿಸಿದವು. ಎಲ್ಲರೂ ಮಿಂದು, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಬರಬೇಕು. ಉಂಡು ಬರಬೇಕು, ಹಸಿದವನಿಗೆ ಸಿಟ್ಟು ಬೇಗ ಬರುತ್ತದೆ. ಕುಡಿದವರು ಮನೆಯಲ್ಲೇ ಇರಬೇಕು. ಚಪ್ಪಲಿಗಳನ್ನು ದೂರದ ಬೇವಿನ ಮರದ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಬರಬೇಕು, ಏಕೆಂದರೆ ಕೈಗೆ ಮೊದಲು ಸಿಗುವುದೇ ಅದು. "ನನಗ ಗೊತ್ತದ, ನಾ ತಿಂದಾಕಿ!" ಎನ್ನುತ್ತಿದ್ದರು. ಗಾಜಿನ ಬಳೆ ತೆಗೆದಿಡಬೇಕು. ಬಳೆ ಒಡೆದು ರಕ್ತ ಕಂಡರೆ ನಮ್ಮ ಗಂಡಸರ ತಲೆ ಕೆಡುತ್ತದೆ. ಗಂಡಸರು ನಡುವೆ, ಹೆಂಗಸರು ಸುತ್ತ. ಘೋಷಣೆ ಇಲ್ಲ.

"ಘೋಷಣೆ ಇಲ್ದೆ ಪ್ರೊಟೆಸ್ಟ್ ಹೇಗಾಗುತ್ತೆ ಮೌಶಿ?" ಎಂದು ಕೇಳಿದೆ.

"ಕೂಗಾಕ ಸುರು ಮಾಡಿದರ ಒಳಗಿಂದ ಯಾವುದು ಬರತದಂತ ಕೂಗವರಿಗೂ ಗೊತ್ತಿರೂದಿಲ್ಲ. ಸುಮ್ನ ಕೂತವರನ್ನ ಕಂಡರ ಎದುರಿನವರು ತಾವs ಏನರೆ ಮಾಡಬೇಕಾಗತದ. ಮಾಡಲಿ."

ಕೂರುವುದಕ್ಕೆ ಮುಂಚಿನ ಭಾನುವಾರಗಳಲ್ಲಿ ತಾಲೀಮು. ಮೌಶಿ ತಾವೇ ಸೊಸೈಟಿಯವರ ಪಾತ್ರ ಹಾಕಿ, ಸಾಲಿನ ಮುಂದೆ ಓಡಾಡುತ್ತ ಒಬ್ಬೊಬ್ಬರನ್ನೇ ಬೈಯುತ್ತಿದ್ದರು. ಯಾರಿಗೆ ಎಲ್ಲಿ ಚುಚ್ಚಬೇಕೆಂದು ಅವರಿಗೆ ಗೊತ್ತಿತ್ತು. ಕಪ್ಪಗಿದ್ದವರಿಗೆ ಬಣ್ಣ, ಬಂಜೆಗೆ ಹೊಟ್ಟೆ, ಸಾಲಗಾರನಿಗೆ ಸಾಲ, ಜಾತಿಯನ್ನಂತೂ ಎಲ್ಲರಿಗೂ. ಕೈ ಮೊಣಕಾಲ ಮೇಲಿಂದ ಎದ್ದರೆ ಮತ್ತೆ ಮೊದಲಿಂದ. ಬೈದದ್ದು ಮುಗಿದ ಮೇಲೆ ಒಬ್ಬರನ್ನೂ ಬಿಡದೆ ಬೆಲ್ಲ. ಕಂಪನಿಯಲ್ಲೂ ಹಾಗೇ ಇತ್ತಂತೆ. ರಂಗದ ಮೇಲೆ ಬೈದವಳು, ಬಣ್ಣ ತೊಳೆದ ಕೂಡಲೇ, ಬೈಸಿಕೊಂಡವಳ ಬಾಯಿ ಸಿಹಿ ಮಾಡದೆ ಮಲಗುವಂತಿಲ್ಲ.

ಭೀಮರಾಯ ಎಂಬ ಗಾರೆಯವನಿಗೆ ಒಂದು ಭಾನುವಾರ ಅವರು ಅಂದದ್ದು ಈಗಲೂ ಕೇಳುತ್ತದೆ. "ಊರ ಮಂದಿಗೆಲ್ಲಾ ಹನ್ನೆರಡು ಮಜಲಿನ ಮನಿ ಕಟ್ಟಿದಿ, ನಿನ್ನ ಗುಡಸಲಕ್ಕ ಒಂದು ಬಾಗಲಾ ಕೂಡಸಲಿಲ್ಲ. ಛೊಲೋ ಆತು ಬಿಡು, ಹೆಂಡತಿಗೆ ಓಡಿಹೋಗಲಾಕ ಸಲೀಸಾತು!"

ಅವನ ಹೆಂಡತಿ ನಿಜವಾಗಿಯೂ ಬಿಟ್ಟುಹೋಗಿದ್ದಳು. ಭೀಮರಾಯ ಕೈ ಎತ್ತಿಕೊಂಡು ಎದ್ದೇ ಬಿಟ್ಟ. ಮೌಶಿ ಅಲುಗಲಿಲ್ಲ. "ಎತ್ತು. ಇಲ್ಲಿ ಎತ್ತು. ನನ್ನ ಮ್ಯಾಲ ಎತ್ತು. ಅಲ್ಲಿ ಎತ್ತಬ್ಯಾಡೋ ಯಪ್ಪಾ." ಅವನು ಕುಸಿದು ಕೂತು ಮಗುವಿನಂತೆ ಅತ್ತ. ಮೌಶಿ ಅವನ ಪಕ್ಕದಲ್ಲೇ ಬಹಳ ಹೊತ್ತು ಕೂತು, ಅವನ ಬೆನ್ನು ಸವರುತ್ತ, ಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾದರು.

ಆಮೇಲೆ ನಾನು ಜಗಳ ತೆಗೆದೆ. "ಇದು ಟೂ ಮಚ್ ಮೌಶಿ. ಕ್ರೂರ ಅಲ್ವಾ?"

"ಕ್ರೂರs ಅದ. ಅವರು ಇದಕ್ಕೂ ಕಡಿಮಿ ಅಂತಾರೇನು? ಅಲ್ಲಿ ಒಂದs ಒಂದು ಕೈ ಎದ್ದರ ಗಲಾಟಿ ಕೇಸು. ಕೇಸ್ ಬಿತ್ತಂದ್ರ ಗೇಟಿನ ಮಾತು ಹಾಳಾಗಿ ಹೋತು, ಬಸ್ತಿನs ಎಬ್ಬಸ್ತಾರ. ನಿನಗ ಮತ್ತೊಂದು ಫ್ಲ್ಯಾಟ್ ಸಿಗತದ. ಇವರು ಎಲ್ಲಿ ಹೋಗಬೇಕು?"

ಮುಂದಿನ ವಾರದಿಂದ ನಾನೂ ಸಾಲಿನಲ್ಲಿ ಕೂತೆ. ಲಿಫ್ಟಿನಲ್ಲಿ ನೆರೆಯವರು ನನ್ನ ಜೊತೆ ಮಾತು ಬಿಟ್ಟರು.

ಗೇಟಿನ ಮುಂದೆ ಮೊದಲ ಕೆಲವು ದಿನ ಏನೂ ಆಗಲಿಲ್ಲ. ಬಾಲ್ಕನಿಗಳಿಂದ ಮೊಬೈಲುಗಳು ಇಣುಕಿದವು, ಅಷ್ಟೇ. ಆಮೇಲೊಂದು ದಿನ ಸೊಸೈಟಿಯ ಒಳಗಿಂದ ಐದಾರು ಯುವಕರು ಬಂದು ಗೇಟಿನ ಆಚೆ ನಿಂತರು. ಅವರಲ್ಲೊಬ್ಬ ಕಪ್ಪು ಜೀಪಿನವನು. ಅವನನ್ನು ನಾನು ಪಾರ್ಕಿಂಗಿನಲ್ಲಿ ನೋಡಿದ್ದೆ, ಮುಖಪರಿಚಯ. ಬೈಯಲು ಶುರುಮಾಡಿದರು. "ಏ ಕಚರಾ! ಪರತ ಜಾ ಕರ್ನಾಟಕಾತ!" ಕಸಗಳಿರಾ, ನಿಮ್ಮ ಕರ್ನಾಟಕಕ್ಕೆ ವಾಪಸು ಹೋಗಿ ಎಂದು. ಸ್ವಲ್ಪ ಬಿಟ್ಟು ಮತ್ತೆ "ಏ ಕಚರಾ!" ಮತ್ತೆ "ಪರತ ಜಾ!" ಅವರ ಹತ್ತಿರ ಇದ್ದ ಸರಕು ಅಷ್ಟೇ ಎಂದು ಕಾಣುತ್ತದೆ.

ನನ್ನ ಪಕ್ಕದಲ್ಲಿದ್ದ ಶಾಂತವ್ವ ತುಟಿ ಅಲುಗಿಸದೆ ಕೇಳಿದಳು: "ಇಷ್ಟs ಏನ? ಮುಗೀತಾ?"

ಆಚೆ ಪಕ್ಕದವಳು, "ಮೌಶಿ ಕಡೆ ಕಳಸ್ರಿ ಇವರನ್ನ, ಒಂದು ವಾರ ಕಲೀಲಿ" ಎಂದಳು.

ಶಾಂತವ್ವನ ಹೊಟ್ಟೆ ಕುಲುಕಿತು. ತಡೆದುಕೊಂಡಳು, ಆಗಲಿಲ್ಲ, ಮೂಗಿನಿಂದ ಫುಸ್ಸೆಂದು ಹೊರಬಂತು. ಆ ನಗು ಸಾಲಿನುದ್ದಕ್ಕೂ ಹರಿಯಿತು. ಭೀಮರಾಯ ಕೂಡ ಭುಜ ಕುಣಿಸಿ ನಕ್ಕ. ಅಳಬಾರದು, ಉತ್ತರ ಕೊಡಬಾರದು, ಕೈ ಎತ್ತಬಾರದು ಎಂದೆಲ್ಲ ವಾರಗಟ್ಟಲೆ ಕಲಿಸಿದ್ದ ಮೌಶಿ, ನಗು ಬರಬಹುದೆಂದು ಯೋಚಿಸಿರಲೇ ಇಲ್ಲ. ಅಷ್ಟು ಚೆನ್ನಾಗಿ ಬೈದು ತಯಾರು ಮಾಡಿದ್ದೇ ಎಡವಟ್ಟಾಗಿತ್ತು.

ಜೀಪಿನವನ ಮುಖ ಕೆಂಪಾಯಿತು. ಬೈದಾಗ ಇಲ್ಲದ ಸಿಟ್ಟು ಈಗ ಬಂದಿತ್ತು. ಓಡಿ ಹೋಗಿ ಜೀಪು ಹತ್ತಿದ. ಯಾರೋ ಗೇಟು ತೆರೆದರು. ಎಂಜಿನ್ನು ಎರಡು ಸಲ ಗುಡುಗಿತು. ನಮ್ಮ ನಗು ಇನ್ನೂ ನಿಂತಿರಲಿಲ್ಲ.

ಸಾಲಿನ ತುದಿಯಲ್ಲಿ ಕೂತಿದ್ದ ಮೌಶಿ ಎದ್ದು ಬಂದರು. ನಮಗೂ ಜೀಪಿಗೂ ನಡುವೆ, ಜೀಪಿಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ನಿಂತರು. ತಾಲೀಮಿನ ದನಿ ಹಿಂದಿನ ಸಾಲಿಗೆ ಹೋಗಿ ಬಡಿಯಿತು.

"ನಗಬ್ಯಾಡ್ರಿ! ನಗೂದೂ ಕೈ ಎತ್ತಿದಂಗ. ಮಾರಿ ನೆಟ್ಟಗ ಮಾಡ್ರಿ. ಕೈ ಮೊಣಕಾಲ ಮ್ಯಾಲ!"

ನಗು ಕತ್ತರಿಸಿದಂತೆ ನಿಂತಿತು. ಆ ಮೌನದೊಳಕ್ಕೆ ಜೀಪು ಬಂತು.

ನಾನು ಮುಂದಿನ ಸಾಲಿನಲ್ಲಿ, ಸರಿಯಾಗಿ ಅವರ ಎದುರಿಗೆ ಇದ್ದೆ. ಅವರ ಭುಜದ ಮೇಲಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಅವರಿಗೆ ಏನೂ ಕಾಣುತ್ತಿರಲಿಲ್ಲ. ಕಪ್ಪು ಬಾನೆಟ್ಟಿನ ಮೇಲೆ ಬೆಳಗಿನ ಬಿಸಿಲು. ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಅತ್ತಿತ್ತ ತೂಗಾಡುತ್ತಿತ್ತು. ಚೀರಲು ಬಾಯಿ ತೆರೆದೆ. ಬ್ರೇಕು ಕಿರುಚಿತು. ನಿಂಬೆಹಣ್ಣು ಮುಂದಕ್ಕೆ ತೂಗಿ ಮೌಶಿಯ ಸೀರೆಗೆ ತಾಗಿ ಹಿಂದೆ ಹೋಯಿತು. ಎಂಜಿನ್ನಿನ ಬಿಸಿಗಾಳಿಗೆ ಅವರ ಸೆರಗು ಅಲುಗುತ್ತಿತ್ತು. ಅವರ ಕಣ್ಣು ನನ್ನ ಮುಖದ ಮೇಲಿತ್ತು.

ಈ ಕೆಲವು ಕ್ಷಣ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ. ಶಿವಾಜಿನಗರದ ಸಿಗ್ನಲ್ಲಿನಲ್ಲಿ ಹಿಂದಿನಿಂದ ಗಾಡಿ ಗುಡುಗಿದರೆ ಥಟ್ಟನೆ ತಿರುಗಿ ನೋಡುತ್ತೇನೆ. ಆಫೀಸಿನ ಮೀಟಿಂಗಿನ ನಡುವೆ ನಿಂಬೆಹಣ್ಣು ತೂಗುತ್ತದೆ. ಒಮ್ಮೊಮ್ಮೆ ಜೀಪು ನಿಲ್ಲುವುದಿಲ್ಲ.

ಮೌಶಿ ನಿಧಾನವಾಗಿ ತಿರುಗಿ, ಜೀಪಿನವನಿಗೆ ಕೈ ಮುಗಿದರು. "ಮಾಫ್ ಕರಾ ದಾದಾ. ಆಮಚೀ ಮಾಣಸಂ ಹಸಲೀ. ಚೂಕ ಝಾಲೀ." ಕ್ಷಮಿಸಪ್ಪಾ, ನಮ್ಮವರು ನಕ್ಕರು, ತಪ್ಪಾಯಿತು. ಆಮೇಲೆ ಅದೇ ದನಿಯಲ್ಲಿ, "ಪಣ ರಸ್ತಾ ಸೋಡಣಾರ ನಾಹೀ." ಆದರೆ ರಸ್ತೆ ಬಿಡುವುದಿಲ್ಲ.

ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರನ್ನು ಕಿಟಕಿಯತ್ತ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ಮೌಶಿ ಬೆಲ್ಲವನ್ನು ಬಾನೆಟ್ಟಿನ ಮೇಲಿಟ್ಟು ತಮ್ಮ ಜಾಗಕ್ಕೆ ಬಂದು ಕೂತರು. ಜೀಪು ಬೆಲ್ಲದ ಸಮೇತ ಹಿಂದಕ್ಕೆ ಹೋಯಿತು.

ಯಾರೋ ಫೋನ್ ಮಾಡಿದ್ದರಿಂದ ಪೊಲೀಸರು ಬಂದರು. ಅವರಿಗೆ ಕಂಡದ್ದು ಬರಿಗಾಲಲ್ಲಿ, ಕೈ ಮೊಣಕಾಲ ಮೇಲಿಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತ ಜನ. ಬಾಲ್ಕನಿಯವರ ಮೊಬೈಲುಗಳಲ್ಲೂ ಅದೇ ಇತ್ತು. ಕೇಸು ಹಾಕಲು ಏನೂ ಸಿಗಲಿಲ್ಲ. ಪಾಲಿಕೆಯ ಎಂಜಿನಿಯರು ಬಂದು ನೋಡಿ, ರಸ್ತೆ ಸಾರ್ವಜನಿಕರದು, ಗೇಟು ತೆರೆದಿರಬೇಕು ಎಂದು ಹೇಳಿಹೋದರು. ಗೇಟು ತೆರೆಯಿತು.

ಆವತ್ತು ಸಂಜೆ ಮೌಶಿಯ ಗುಡಿಸಲಿಗೆ ಹೋದೆ. "ಭಯ ಆಗ್ಲಿಲ್ವಾ ನಿಮಗೆ? ಒಂದ್ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ."

"ನೋಡೂದೇನದ? ನಿನ್ನ ಮಾರಿ ಒಳಗ ಎಲ್ಲಾ ಕಾಣಸ್ತಿತ್ತು. ಗಾಡಿ ಬಂದಾಗ ನಿನ್ನ ಕಣ್ಣು ಬಟ್ಟಲ ಆದವು. ನಿಂತಾಗ ಹೆಗಲಾ ಇಳದವು. ಸ್ಟೇಜಿನ ಮ್ಯಾಲ ನಿಂತಾಕಿಗೆ ಬೆನ್ನಾಗ ಕಣ್ಣು ಯಾಕ ಬೇಕು, ಮುಂದ ಕುಂತವರು ಇರತಾರಲ್ಲ?" ಸೂಜಿಗೆ ದಾರ ಪೋಣಿಸುತ್ತ ಮುಂದುವರಿಸಿದರು. "ನೀ ಚೀರಿದ್ದರ ನಾ ಜಿಗೀತಿದ್ದೆ. ನಾ ಜಿಗದಿದ್ದರ ಭೀಮ್ಯಾ ಏಳತಿದ್ದ. ಅವ ಎದ್ದಿದ್ದರ ಇವತ್ತ ಇಲ್ಲಿ ದೀಪಾ ಹಚ್ಚವರು ಇರತಿದ್ದಿಲ್ಲ."

"ನಾನು ಬೇಕಂತ ಸುಮ್ನಿರ್ಲಿಲ್ಲ ಮೌಶಿ. ಧ್ವನಿನೇ ಬರ್ಲಿಲ್ಲ."

"ಅದನ್ನ ಯಾರು ಕೇಳ್ಯಾರ? ಚೀರಲಿಲ್ಲ. ಅಷ್ಟ." ದಾರ ಸೂಜಿಯೊಳಗೆ ಹೋಗಲಿಲ್ಲ. ಮತ್ತೆ ಚುಚ್ಚಿದರು, ಮತ್ತೆ ಪಕ್ಕಕ್ಕೆ ಜಾರಿತು. ನಾನು ಪೋಣಿಸಿಕೊಟ್ಟೆ.

ಮರು ಭಾನುವಾರ ಹೊಸ ತಾಲೀಮು: ನಗದಿರುವುದು. ಗೇಟು ತೆರೆದಿದೆಯಲ್ಲ, ಇನ್ನು ಯಾಕೆ ಎಂದರೆ, "ಗೇಟಿನ ಕೀಲು ಹಂಗs ಅವ, ಮುಚ್ಚಾಕ ಎಷ್ಟೊತ್ತು ಬೇಕು?" ಎಂದರು. ಸೊಂಟಕ್ಕೆ ಸೆರಗು ಬಿಗಿದು, ಜೀಪಿನವರ ನಡಿಗೆ, ಅವರ ಬೈಗುಳ, ಬೈಯುವುದಕ್ಕೆ ಮುಂಚೆ ಕೂದಲು ಸರಿಮಾಡಿಕೊಳ್ಳುವ ಠೀವಿ ಎಲ್ಲವನ್ನೂ ಆಡಿ ತೋರಿಸಿದರು. ಯಾರೂ ನಗುವಂತಿಲ್ಲ. ಶಾಂತವ್ವ ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಅವಳ ಆ ಅವಸ್ಥೆ ನೋಡಿ ಮೊದಲು ನಕ್ಕವರು ಮೌಶಿಯೇ. ನಗುತ್ತ ನಗುತ್ತ ಕೆಮ್ಮು ಹತ್ತಿ, ಎದೆ ಹಿಡಿದುಕೊಂಡು ನೆಲಕ್ಕೆ ಕೂತರು. ಆವತ್ತು ಶಾಂತವ್ವ ಮೌಶಿಯ ಸೆರಗಿನ ಗಂಟು ತಾನೇ ಬಿಚ್ಚಿ, ಬೆಲ್ಲವನ್ನು ಅವರ ಬಾಯಿಗೆ ಹಾಕಿದಳು. ಅಷ್ಟು ದಿನ ಎಲ್ಲರಿಗೂ ಕೊಟ್ಟವರಿಗೆ ಯಾರೂ ಕೊಟ್ಟಿರಲಿಲ್ಲವೆಂದು ನಮಗೆ ಆಗ ಹೊಳೆಯಿತು.

ಆ ಕೆಮ್ಮು ವಾಸಿಯಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದಲೂ ನರ್ಸಿಗೆ, ಪಕ್ಕದ ಮಂಚದವಳಿಗೆ, ನನ್ನ ಮೆತ್ತನೆಯ ಕನ್ನಡಕ್ಕೆ ಮೌಶಿಯ ಬೈಗುಳ ನಡೆದೇ ಇತ್ತು. ದನಿ ಮಾತ್ರ ಗೋಡೆಯ ತನಕ ಹೋಗುತ್ತಿರಲಿಲ್ಲ. ಹತ್ತಿರ ಬಗ್ಗಿ ಕೇಳಬೇಕಿತ್ತು.

ಅವರು ಹೋದ ಸ್ವಲ್ಪ ದಿನಕ್ಕೆ ಗೇಟಿನ ಮೇಲೆ ಹೊಸ ಫಲಕ ಬಂತು. ಭದ್ರತೆಯ ಕಾರಣಕ್ಕೆ ಮತ್ತೆ ಮುಚ್ಚಲಾಗುವುದು. ಬಸ್ತಿ ಮತ್ತೆ ಮಿಂದು, ತಲೆ ಬಾಚಿ, ಬೇವಿನ ಬುಡದಲ್ಲಿ ಚಪ್ಪಲಿ ಬಿಟ್ಟಿತು. ಸಾಲು ಕೂತ ಮೇಲೆ ಎಲ್ಲರ ಕಣ್ಣೂ ಎದುರಿಗೆ ಆವತ್ತು ಮೌಶಿ ನಿಂತಿದ್ದ ಖಾಲಿ ಜಾಗದ ಮೇಲೆ ಹೋಯಿತು.

"ನೀ ನಿಂದ್ರು" ಎಂದಳು ಶಾಂತವ್ವ ನನಗೆ.

"ನಾನಾ? ನಂಗೆ ಬೈಯೋಕೂ ಬರಲ್ಲ."

"ಬೈಯೋರು ಹಿಂದ ಅದಾರ, ಅವರು ಬೈತಾರ. ನೀ ನಮ್ಮ ಕಡೆ ಮಾರಿ ಮಾಡಿ ನಿಂದ್ರು, ಸಾಕು. ಆಕಿ ನಿನ್ನ ಮಾರಿ ನೋಡಿ ನಿಂತಿದ್ದಳು. ನೀ ನಮ್ಮವು ನೋಡು." ಹಾಗೆಂದು ತನ್ನ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದಳು.

ಗೇಟಿಗೆ ಬೆನ್ನು ಮಾಡಿ ನಿಂತೆ. ಡಾಂಬರು ಅಂಗಾಲನ್ನು ಸುಡುತ್ತಿತ್ತು. ಹಿಂದೆ ಕಬ್ಬಿಣ ಕಿರುಗುಟ್ಟಿತು. ಆಮೇಲೆ ಎಂಜಿನ್ನು. ನನಗೆ ಚೆನ್ನಾಗಿ ಗೊತ್ತಿರುವ, ಎಷ್ಟೋ ಸಲ ನಿದ್ದೆಯಿಂದ ಎಬ್ಬಿಸಿದ ಅದೇ ಗುಡುಗು. ಕುತ್ತಿಗೆ ತಾನಾಗಿಯೇ ತಿರುಗಹೊರಟಿತು. ನಾನು ಮುಂದೆ ನೋಡಿದೆ. ಭೀಮರಾಯನ ಅಂಗೈಗಳು ಮೊಣಕಾಲ ಮೇಲೆ ತೆರೆದಿದ್ದವು. ಶಾಂತವ್ವನ ಕಣ್ಣು ನನ್ನ ಭುಜವನ್ನು ದಾಟಿ ಹೋಗಿ, ದೊಡ್ಡದಾಗಿ, ಹಾಗೇ ನಿಂತಿತು. ಅವಳ ದವಡೆ ಬಿಗಿಯಿತು. ನನ್ನ ಬೆನ್ನಿಗೆ ಬಿಸಿ ತಾಗಿತು. ನಾಲಿಗೆಯ ಮೇಲೆ ಬೆಲ್ಲ ಇನ್ನೂ ಕರಗುತ್ತಿತ್ತು.

ಆಮೇಲೆ ಶಾಂತವ್ವನ ಹೆಗಲು ಮೆಲ್ಲಗೆ ಇಳಿಯಿತು.